ಎಂಟು ಸಾವಿರದ ಆಚೆ

ಅಂಧೇರಿಯ ಹೋಟೆಲು. ಐದನೆಯ ಮಹಡಿಯ ಕೋಣೆಗಳಿಂದ
ಮಂಚಗಳನ್ನೆಲ್ಲ ಎತ್ತಿ ಎಲ್ಲಿಗೋ ಸಾಗಿಸಿದ್ದಾರೆ.
ಕಾರ್ಪೆಟ್ಟಿನಲ್ಲಿ ಇನ್ನೂ ನಾಲ್ಕು ಕಾಲಿನ ಗುಳಿ.
ನಡುವೆ ಮೇಜು, ಮೇಜಿನ ಮೇಲೆ ಆಂಪ್ಲಿಫೈಯರು,
ವಾಲ್ವುಗಳು ಕೆಂಪಗೆ, ಮುಟ್ಟಿದರೆ ಬೊಬ್ಬೆ.
ಬಚ್ಚಲ ಬಾಗಿಲ ಹಿಂದೆ ಖಾಲಿ ರಟ್ಟಿನ ಡಬ್ಬಗಳು.
ಸಾಲಿನಲ್ಲಿ ನನ್ನ ಮುಂದೆ ಏಳು ಜನ,
ಎಲ್ಲರದೂ ಪಿಸುಮಾತು,
ಹೆಣ್ಣು ನೋಡಲು ಬಂದವರ ಹಾಗೆ.

ಹೋಶಂಗ್ ಅಂತ, ಕೊರಳಿಗೆ ಬಿಲ್ಲೆ ತೂಗಿಸಿಕೊಂಡವನು,
ಹೆಡ್‌ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ.
ನಾಲ್ಕು ಲಕ್ಷದ ಹತ್ತು ಸಾವಿರ. ಕೇಬಲ್ಲಿಗೆ ಬೇರೆ.
"ಗಾಳಿ ಇದೆಯಲ್ಲ ಸಾರ್? ಜಾಗ ಇದೆಯಲ್ಲ?"
ಗಾಳಿ, ಜಾಗ.
ಈ ಊರಲ್ಲಿ ಅವೆರಡಕ್ಕೂ ಇದಕ್ಕಿಂತ ಹೆಚ್ಚಿನ ರೇಟು.

ನನ್ನ ಹತ್ತಿರ ಬೇರೆ ಮಾತುಗಳಿವೆ, ಕ್ಯಾಟಲಾಗಿಗೆ ಸೇರದವು.
ಖರ್ಜದ ತಂತಿ ಗುಂಯ್ ಅಲ್ಲ, ಗುಮ್ಮ್: ಮುಚ್ಚಳ ಹಾಕಿದ ಹಂಡೆಯೊಳಗಿನದು.
ಡಗ್ಗಾ ಕೊಂಚ ನೆನೆದಿದೆ.
ತಬಲಾದ ಅಂಚು ಚುಂಯ್, ಕಾದ ಹಂಚಿನ ಮೇಲೆ ನೀರು ಬಿದ್ದಷ್ಟು ಚುರುಕು.
ದನಿ ಮಾತ್ರ ಕೆನೆ ಕಟ್ಟುವ ಮೊದಲಿನ ಹಾಲು.
ಹೋಶಂಗನಿಗೆ ಇಷ್ಟೇ ಹೇಳಿದೆ: ಚೆನ್ನಾಗಿದೆ.

ಹೇಳದ್ದೂ ಇತ್ತು.
ಹೋದ ತಿಂಗಳು ದಾದರಿನ ಕಿವಿ ಡಾಕ್ಟರು
ಗಾಜಿನ ಗೂಡಿನಲ್ಲಿ ಕೂರಿಸಿ, ಕೇಳಿದರೆ ಬೆರಳೆತ್ತಿ ಎಂದರು.
ಬಹಳ ಹೊತ್ತು ಬೆರಳು ಮಡಿಲಲ್ಲೇ ಇತ್ತು.
ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ.
ಆಮೇಲೆ ತೋರಿಸಿದ ಕಾಗದದಲ್ಲಿ ಗೆರೆ
ಎಂಟು ಸಾವಿರದ ಹತ್ತಿರ ಮೆಟ್ಟಿಲು ತಪ್ಪಿ ಕೆಳಗೆ.
ಮೂವತ್ತನಾಲ್ಕು ವರ್ಷ ರೆಕಾರ್ಡಿಂಗ್ ಮೇಜಿನ ಮುಂದೆ ದುಡಿದ ಕಿವಿ.
ಪ್ರಾವಿಡೆಂಟ್ ಫಂಡು ಬಂದಿದೆ, ಅಂದರೆ ಕಡಲೆ ಬಂದಿದೆ.
ಗಾದೆಯ ಉಳಿದರ್ಧ ನಿಮಗೆ ಗೊತ್ತು.

ಮುಂದಿನದನ್ನು ಹೋಶಂಗನೇ ಆರಿಸಿ ಹಾಕಿದ.
ತಂಬೂರಿಯ ಮೂರನೆಯ ಸುತ್ತಿಗೇ ಗುರುತು ಸಿಕ್ಕಿತು,
ಹಾಡಿನದಲ್ಲ, ಕೋಣೆಯದು.
ತಾರ್‌ದೇವದ ಆ ಸ್ಟುಡಿಯೋ, ಮೂಲೆಯಲ್ಲಿ ಸೋರುವ ಏಸಿ,
ಬಸ್ಸು ದಾಟಲಿ ಎಂದು ಟೇಪು ನಿಲ್ಲಿಸಿ ಕಾಯುತ್ತಿದ್ದದ್ದು,
ಕುಮುದಿನಿ ಪೆಡ್ನೇಕರ್, ಬೆಳಗಿನ ಹತ್ತೂವರೆ, ತೋಡಿ.
ಬಳೆ ತೆಗೀರಿ ಬಾಯಿ, ಮೈಕು ಎಲ್ಲಾ ಕೇಳಿಸಿಕೊಳ್ಳುತ್ತೆ, ಅಂದಿದ್ದೆ.
ಆಕೆ ತೆಗೆಯಲಿಲ್ಲ, ಮೇಲೆ ಕರವಸ್ತ್ರ ಸುತ್ತಿಕೊಂಡರು.
ಎರಡನೆಯ ಟೇಕಿನಲ್ಲಿ, ತಾರದ ಷಡ್ಜಕ್ಕೆ ಕೈ ಎತ್ತುವಾಗ
ಗಂಟು ಸಡಿಲಿತು, ಒಂದೇ ಒಂದು ಸಲ ಕಿಣ್.
ಮೊದಲ ಟೇಕಿನ ತುಂಡು ಅಂಟಿಸು ಅಂದರು ಕಂಪನಿಯವರು.
ಬ್ಲೇಡು ಕೈಯಲ್ಲಿತ್ತು.
ಚಹಾ ಕುಡಿದು ಬರುತ್ತೇನೆ ಎಂದು ಹೋದವನು ಹಾಗೇ ಬಿಟ್ಟುಬಿಟ್ಟೆ.

ಈಗ ಆ ಜಾಗ ಬರುತ್ತಿದೆ. ಕಣ್ಣು ಮುಚ್ಚಿದೆ.
ಬಂತು.
ಹೋಯಿತು.
ತೋಡಿ ಮಾತ್ರ ಇತ್ತು, ತೊಳೆದು ಕವುಚಿಟ್ಟ ತಟ್ಟೆಯ ಹಾಗೆ.

ನನ್ನ ಹಿಂದೆ ಒಬ್ಬ ಹುಡುಗ, ಹೆಗಲಲ್ಲಿ ಕಾಲೇಜಿನ ಬ್ಯಾಗು,
ತನ್ಮಯ್ ವರ್ತಕ್, ವಿರಾರಿನಿಂದ ನಿಂತುಕೊಂಡೇ ಬಂದವನು.
ಕೊಳ್ಳುವವನಲ್ಲ ಎಂದು ಹೋಶಂಗನಿಗೂ ಗೊತ್ತು.
ಅದೇ ಹಾಡು ಇರಲಿ ಎಂದು ನಾನೇ ಹೇಳಿದೆ.
ತಲೆಗೆ ಅದು ದೊಡ್ಡದಾಗಿ, ಎರಡು ಕೈಯಿಂದ ಒತ್ತಿ ಹಿಡಿದ.
ನಾನು ಗಡಿಯಾರ ನೋಡುತ್ತ ನಿಂತೆ. ನಾಲ್ಕು ನಿಮಿಷ. ಐದು.
ಆರನೆಯದರಲ್ಲಿ ಹುಡುಗ ಸರ್ರನೆ ಹಿಂದಕ್ಕೆ ತಿರುಗಿದ,
ಬಾಗಿಲಿಗೆ ಯಾರೋ ಬಂದರು ಎಂಬಂತೆ.
"ಕಾಕಾ, ಯಾರದೋ ಬಳೆ."

ಎಡಕ್ಕೋ ಬಲಕ್ಕೋ ಅಂತ ಕೇಳಿದೆ.
ಎಡಕ್ಕೆ, ಸ್ವಲ್ಪ ಕೆಳಗೆ. ಗಾಜಿನದು, ಚಿನ್ನದ್ದಲ್ಲ.

ಹಸಿರು, ಎನ್ನಬಹುದಿತ್ತು. ಎನ್ನಲಿಲ್ಲ.
ಹೋಶಂಗ್ ಬಿಲ್ಲು ಪುಸ್ತಕ ಬಿಡಿಸಿಕೊಂಡು ಕೂತಿದ್ದ.
ಬರುವ ವರ್ಷ ನೋಡೋಣ ಎಂದೆ.
ಚಕಾಲಾ ರಸ್ತೆಗೆ ಇಳಿದರೆ
ವಿಮಾನವೊಂದು ತಲೆ ಸವರಿಕೊಂಡು ಹೋಯಿತು.
ಅದು ನನಗೆ ಪೂರ್ತಿ ಕೇಳುತ್ತದೆ.