ದುಭಾಷಿ

ನನ್ನ ಕಸುಬು ನಡುವೆ ನಿಲ್ಲುವುದು.
ಕಾನಾನಿನ ಮಾತು ಕಿವಿಗೆ ಬಿದ್ದರೆ
ಐಗುಪ್ತದ ಮಾತಾಗಿ ಬಾಯಿಂದ ಹೊರಡಬೇಕು,
ಕಾಳು ಅಳೆದ ಹಾಗೆ, ಹೆಚ್ಚಿಲ್ಲ, ಕಡಿಮೆಯಿಲ್ಲ.
ತಾಯಿ ಆ ಕಡೆಯವಳು,
ಎರಡು ಗುಡಾಣ ಎಣ್ಣೆಗೆ ಬಿಕರಿಯಾಗಿ ಬಂದವಳು.
ಅವಳ ಜೋಗುಳವೇ ನನ್ನ ಸಂಬಳ.

ಬರದ ವರ್ಷ ಹತ್ತು ಮಂದಿ ಬಂದರು,
ಖಾಲಿ ಚೀಲ, ಗಡ್ಡದ ತುಂಬ ಮರಳು.
'ಗೂಢಚಾರರು ನೀವು' ಎಂದು ಒಡೆಯ ಗದರಿದ.
ನಾನೂ ಗದರಿದೆ, ಅಷ್ಟೇ ಜೋರಾಗಿ, ಅವರ ಭಾಷೆಯಲ್ಲಿ.
ಆಗ ಅವರವರೊಳಗೇ ಪಿಸುಮಾತು:
'ಗುಂಡಿಯೊಳಗಿಂದ ಕೂಗುತ್ತಿದ್ದನಲ್ಲ, ತಮ್ಮ...'
'ನಾವು ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು.'
ಇದನ್ನೂ ದಾಟಿಸಬೇಕೆ?
ನಾನು ತುಟಿ ತೆರೆಯುವ ಮೊದಲೇ
ಒಡೆಯ ಗೋಡೆಯ ಕಡೆ ತಿರುಗಿದ.
ನಾರುಮಡಿಯೊಳಗೆ ಬೆನ್ನು ಅಲುಗುತ್ತಿತ್ತು.

ಅವತ್ತೇ ತಿಳಿಯಿತು, ನಾನು ಬೇಕಿರಲಿಲ್ಲ.
ಅವನು ಹಿಂದೆ ಅಡಗಿಕೊಳ್ಳಲು
ಸಂಬಳ ಕೊಟ್ಟು ನಿಲ್ಲಿಸಿದ ಗೋಡೆ ನಾನು.

ಮತ್ತೆ ಬಂದರು, ಕಿರಿಯನನ್ನು ಕರೆದುಕೊಂಡು.
ಅವನ ಚೀಲದಲ್ಲಿ ಬೆಳ್ಳಿ ಬಟ್ಟಲು ಸಿಕ್ಕಿತು.
ಇಟ್ಟವರು ಯಾರೆಂದು ಅರಮನೆಗೆಲ್ಲ ಗೊತ್ತು.
ಹಿಂದೊಮ್ಮೆ 'ಮಾರಿಬಿಡೋಣ' ಎಂದಿದ್ದವನೇ ಈಗ
ಮೊಣಕಾಲೂರಿ, 'ಇವನ ಬದಲು ನಾನು' ಎಂದ.
'ಬದಲು' ಎಂಬುದಕ್ಕೆ ನನಗೆ ಹೊಳೆದದ್ದು
ಬರೀ ಸಂತೆಯ ಪದ. ತಡವರಿಸಿದೆ.
'ಎಲ್ಲರೂ ಆಚೆ ಹೋಗಿ!'
ಒಡೆಯನ ಎಲ್ಲರಲ್ಲಿ ನಾನೂ ಒಬ್ಬ.

ಬಾಗಿಲ ಹೊರಗೆ ಬೀಸಣಿಗೆಯ ಹುಡುಗ,
ಬಟ್ಟಲು ತೊಳೆಯುವ ತಾಮಿತ್, ನಾನು.
ಒಳಗಿಂದ ಅಳು; ಆ ಅಳುವಿಗೆ
ನನ್ನ ತಾಯಿಯ ಊರಿನ ಎಳೆತ.
'ಏನಂತೆ?' ಎಂದಳು ತಾಮಿತ್.
ಮೂವತ್ತು ವರ್ಷದಲ್ಲಿ ಮೊದಲ ಸಲ
'ಗೊತ್ತಾಗಲಿಲ್ಲ' ಎಂದೆ.
ಕ್ಷಮೆ ಇವರು ಕೇಳಿದರೋ, ಅವನು ಕೊಟ್ಟನೋ, ನಾನರಿಯೆ.
ಕೇಳುವ ಮೊದಲೇ ಕೊಟ್ಟನೆಂದು
ಬೀಸಣಿಗೆಯ ಹುಡುಗ ಊರಿಗೆಲ್ಲ ಹೇಳುತ್ತಾನೆ.
ಅವನಿಗೆ ಕಾನಾನಿನ ಒಂದಕ್ಷರ ಬಾರದು.

ಆ ಸಂಜೆ ಮನೆಗೆ ಹೋಗದೆ
ಕುಂಬಾರಗೇರಿ ದಾಟಿ ದೋಣಿಕಟ್ಟೆಗೆ ನಡೆದೆ.
ಅಲ್ಲಿ ಹಗ್ಗ ಹೊಸೆಯುತ್ತಾನೆ ನನ್ನ ತಮ್ಮ ಸೆನ್ಬಿ.
ತಾಯಿಯ ತಾಮ್ರದ ಕನ್ನಡಿ ಮಾರಿ ತಿಂದನೆಂದು
ಅವನ ಮೇಲೆ ಊರು ತುಂಬ ಹೇಳಿದವನು ನಾನು.
ಮಾರಿದವನೂ ನಾನೇ.
ಹನ್ನೊಂದು ವರ್ಷ.

ತಲೆಯೆತ್ತಿ ನೋಡಿದ.
ಅಷ್ಟು ಭಾಷೆ ಬಲ್ಲ ಬಾಯಿ ಒಣಗಿತು.
'ಕನ್ನಡಿ...' ಎಂದೆ.
'ಗೊತ್ತು' ಎಂದ. ಆಮೇಲೆ ಎಷ್ಟೋ ಹೊತ್ತು
ನಾರು ತಿರುವುತ್ತ ಕೂತ.
ಕತ್ತಲಾಗುವಾಗ ಹಗ್ಗದ ಆ ತುದಿಯನ್ನು
ನನ್ನ ಕಡೆ ಎಸೆದು, ಮುಖ ನೋಡದೆ,
'ಹಿಡಿ' ಎಂದ,
'ಸಡಿಲ ಬಿಡಬೇಡ.'