ನಾಲ್ಕನೇ ಸುತ್ತು

ಏಪ್ರಿಲ್ ಬಂದರೂ ಉತ್ತರ ಡಕೋಟದ ಗಾಳಿಗೆ ಬುದ್ಧಿ ಬಂದಿಲ್ಲ.
ಆಚೆ ಬದಿಯ ನೇರ ದಾರಿಯಲ್ಲಿ
ಎದೆಗೇ ಕೈಯಿಟ್ಟು ತಳ್ಳುತ್ತದೆ.

ಸಾವಿರದಾರುನೂರು ಮೀಟರ್. ಉಳಿದವರೆಲ್ಲ ಮುಗಿಸಿ
ಮೊಣಕಾಲಿಗೆ ಕೈಕೊಟ್ಟು ಬಾಗಿದ್ದಾರೆ.
ಬ್ರಿಟಾ ಟ್ವೆಟನ್‌ಗೆ ಇನ್ನೂ ಮುನ್ನೂರು ಬಾಕಿ.

ಬಾಯಲ್ಲಿ ತುಕ್ಕಿನ ರುಚಿ.
ಮೂರನೇ ಸುತ್ತು ಯಾರದೂ ಅಲ್ಲ ಅಂದಿದ್ದರು ಕೋಚ್;
ನಾಲ್ಕನೆಯದು ಯಾರದೆಂದು ಹೇಳಿರಲಿಲ್ಲ.

ಮುಂದಿನ ಓಟಕ್ಕೆ ಆಗಲೇ ಹರ್ಡಲ್ ಜೋಡಿಸುತ್ತಿದ್ದಾರೆ
ಎಂಟನೇ ಲೇನಿನಿಂದ ಒಳಕ್ಕೆ, ಒಳಕ್ಕೆ.
ಒಂದನೇ ಲೇನಿನದನ್ನು ಮಾತ್ರ
ಶಾಲೆಯ ಬಸ್ಸು ಓಡಿಸುವ ಆರ್ಲೋ
ಎಳೆಗರುವಿನ ಹಾಗೆ ತೊಡೆಗೊತ್ತಿ ಹಿಡಿದು
ಹುಲ್ಲಿನ ಮೇಲೆ ನಿಂತಿದ್ದಾನೆ.

ಚಪ್ಪಾಳೆಯಿಲ್ಲ. ಅವಳು ಹಾದಳು.
ಬೆನ್ನ ಹಿಂದೆ
ಕಬ್ಬಿಣದ ಕಾಲು ನೆಲಕ್ಕೆ ತಾಗಿದ ಸದ್ದು.