ಒಂದಕ್ಕೆ

ಇಪ್ಪತ್ತೆಂಟು ಅಡಿಯ ದೋಣಿಯಲ್ಲಿ ಗುಟ್ಟು ನಿಲ್ಲುವುದಿಲ್ಲ.
ಎಲ್ರಿಕ್ ಚಿಕ್ಕಪ್ಪ ನನಗೆ ಬೆನ್ನು ಹಾಕಿ
ಅಂಚು ಹಿಡಿದು ಒಂದಕ್ಕೆ ನಿಂತರೆ
ಟೊಬೇಗೊ ದಡದ ದೀಪಗಳು ಒಂದೊಂದಾಗಿ ಆರುವವರೆಗೂ
ನಿಂತೇ ಇರುತ್ತಾನೆ.

ಸುತ್ತ ಇಷ್ಟೊಂದು ನೀರು.
ಅವನದು ಮಾತ್ರ ಬರಲೊಲ್ಲದು.

ಮೊದಲೆಲ್ಲ ಹಗ್ಗ ಇಳಿಬಿಟ್ಟ ಹಾಗೆ ಸದ್ದು,
ಜೊತೆಗೆ ಮೂಗಿನಲ್ಲೇ ಒಂದು ರಾಗ.
ಈಗ ತೊಟ್ಟು. ಬಿಡುವು. ಮತ್ತೆರಡು ತೊಟ್ಟು.
ಮುಗಿಯಿತೆಂದು ಕೂತವನು ಗಾಳ ಕಟ್ಟುವ ಮೊದಲೇ
ಮತ್ತೆ ಎದ್ದ.
ಸೀಸದ ಗುಂಡು ಎಣಿಸುವವನಂತೆ ತಲೆ ತಗ್ಗಿಸಿದೆ:
ನಡುರಾತ್ರಿಯಿಂದ ಇದು ಆರನೆಯದು.

"ಥಂಡಿ," ಅಂದ. ಥಂಡಿ! ಈ ಸಮುದ್ರದಲ್ಲಿ, ಆಗಸ್ಟಿನಲ್ಲಿ.
ಇನ್ನೊಂದು ದಿನ, "ಚಹಾ ಹೆಚ್ಚಾಯಿತು."
ಸೊಂಟ ಹಿಡಿದುಕೊಂಡಾಗ, "ಎಂಜಿನ್ ಎತ್ತಿದ್ದು ಯಾರು, ನೀನಾ?"
ಎತ್ತಿದ್ದು ನಾನೇ. ಹೇಳಲಿಲ್ಲ.

ಮಂಗಳವಾರ, ಬೆಳಕು ಹರಿಯುವಾಗ,
ಬಿಳಿ ಹಲಗೆಯ ಮೇಲೆ ಸಿಡಿದದ್ದು
ಟ್ಯೂನಾ ಸೀಳಿ ತೊಳೆದ ನೀರಿನ ಬಣ್ಣ.
ಅವತ್ತು ನಮಗೆ ಒಂದು ಮೀನೂ ಬಿದ್ದಿರಲಿಲ್ಲ.
ಸೋರೆಬುರುಡೆಯಲ್ಲಿ ಸಮುದ್ರ ಮೊಗೆದು ಸುರಿದ.
ನಾನು ಕಂಡೆ. ನಾನು ಕಂಡದ್ದನ್ನು ಅವನೂ ಕಂಡ.
ದೋಣಿ ತಿರುಗಿಸಿದೆ.

ರಮ್ ಅಂಗಡಿಯ ಗಂಡಸರಿಗೆ ಈ ವಿಷಯವೆಂದರೆ
ಡಾಕ್ಟರ ಬೆರಳಿನ ಒಂದೇ ಒಂದು ಜೋಕು.
ಚಿಕ್ಕಪ್ಪ ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ.
ಸ್ಕಾರ್ಬರೋದ ಆಸ್ಪತ್ರೆಯ ಬೆಂಚಿನಲ್ಲಿ
ಟೋಪಿಯನ್ನು ಮೊಣಕಾಲಿಗೆ ತೊಡಿಸಿ ಕೂತವನು
ಹೇಳಲಿಲ್ಲ.

ನರ್ಸ್ ಯೂಲಾಲಿ ರಕ್ತ ತೆಗೆದಳು.
"ಬರೀ ಊತ ಇರಬಹುದು, ವಯಸ್ಸಾದರೆ ಪ್ರಾಸ್ಟೇಟ್ ದಪ್ಪಗಾಗುತ್ತೆ.
ಕ್ಯಾನ್ಸರೂ ಇರಬಹುದು. ನೋಡದೆ ಹೇಳೋಕೆ ನಾನೇನು ದೇವರಾ?
ಮನೇಲಿ ಯಾರಿಗಾದರೂ ಇತ್ತಾ?"
"ಅಣ್ಣನಿಗೆ. ಬೆನ್ನುನೋವು ಬೆನ್ನುನೋವು ಅಂತಲೇ ಸತ್ತ."
ಅಣ್ಣ ಅಂದರೆ ನನ್ನಪ್ಪ.

ಅವಳ ಕಣ್ಣು ನನ್ನ ಕಡೆ ತಿರುಗಿತು,
ಬರೀ ಜೊತೆಗೆ ಬಂದವನ ಕಡೆ.
"ನಿನಗೆಷ್ಟು?"
"ನಲವತ್ತೆರಡು. ನನಗೇನೂ ಇಲ್ಲ.
ನನ್ನದು ಹಗ್ಗದ ಹಾಗೆ."
"ಬಹಳ ಜನಕ್ಕೆ ಮೊದಮೊದಲು ಏನೂ ಇರೋದಿಲ್ಲ," ಅಂದಳು
ನನ್ನ ತೋಳಿಗೆ ರಬ್ಬರು ಬಿಗಿಯುತ್ತ.

ಚಿಕ್ಕಪ್ಪ ಅವತ್ತು ಮೊದಲ ಸಲ ನಕ್ಕ.
ಆಮೇಲೆ ಗೋಡೆ ಹಿಡಿದು ಎದ್ದು,
ಒಂದಕ್ಕೆ ಎಲ್ಲಿ ಅಂತ ಕೇಳಿದ.